ಓಲೆಗರಿಯಿಂದ ಗಣಕಯಂತ್ರಕ್ಕೆ: ಸರ್ವಮೂಲದ ಡಿಜಿಟಲ್ ಪ್ರತಿಯನ್ನು ಓದುವ ಬಗೆ

ಶ್ರೀಮದಾನಂದತೀರ್ಥ ಭಗವತ್ಪಾದಾಚಾರ್ಯರ ಗ್ರಂಥಗಳನ್ನು ಅವರ ಸಾಕ್ಷಾತ್ ಶಿಷ್ಯರೂ ಪಲಿಮಾರು ಮಠದ ಮೂಲಯತಿಗಳೂ ಆದ ಶ್ರೀಹೃಷೀಕೇಶತೀರ್ಥರು ತುಳುಲಿಪಿಯಲ್ಲಿ ಓಲೆಗರಿಗಳ ಮೇಲೆ ಬರೆದಿಟ್ಟರೆಂಬುದು ಸಂಪ್ರದಾಯದಿಂದ ಬಂದ ಮಾತು. ಆ ಪಾಠವನ್ನು ಆಧರಿಸಿ ವಿದ್ವಾನ್ ಬನ್ನಂಜೆ ಗೋವಿಂದಾಚಾರ್ಯರು 1969ರಿಂದ 1974ರ ಅವಧಿಯಲ್ಲಿ ಸರ್ವಮೂಲವನ್ನು ಐದು ಸಂಪುಟಗಳಲ್ಲಿ ಸಂಪಾದಿಸಿದರು. ಆದರೆ ಮೂಲದ ಗರಿಗಳು ಕಾಲಕ್ರಮದಲ್ಲಿ ಶಿಥಿಲವಾದವು. ರಕ್ಷಣೆಗೆಂದು ಹಚ್ಚಿದ ಎಣ್ಣೆಯೇ ಅವುಗಳನ್ನು ಕಪ್ಪಾಗಿಸಿತು. ಅಂಚುಗಳು ಮುರಿದು ಪುಡಿಯಾಗತೊಡಗಿದವು.

2006ರ ಜೂನ್‌ನಲ್ಲಿ ಅಮೆರಿಕದ ರಾಚೆಸ್ಟರ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯ ಪ್ರಾಧ್ಯಾಪಕರಾದ ಪಿ. ಆರ್. ಮುಕುಂದ್ ಹಾಗೂ ರೋಜರ್ ಈಸ್ಟನ್ ಅವರ ತಂಡವು ಉಡುಪಿಗೆ ಬಂದು, ಆರು ದಿನಗಳಲ್ಲಿ ಈ ಕಟ್ಟಿನ 340 ಗರಿಗಳ ಛಾಯಾಚಿತ್ರಗಳನ್ನು ತೆಗೆಯಿತು. ಗ್ರೀಕ್ ಗಣಿತಜ್ಞ ಆರ್ಕಿಮಿಡೀಸನ ಪ್ರಾಚೀನ ಹಸ್ತಪ್ರತಿಯಲ್ಲಿ ಅಳಿಸಿಹೋಗಿದ್ದ ಅಕ್ಷರಗಳನ್ನು ಬೆಳಕಿಗೆ ತಂದ ಕಾರ್ಯದಲ್ಲಿಯೂ ಈಸ್ಟನ್ ಪಾಲುಗೊಂಡಿದ್ದರು.

ಇದರ ತತ್ತ್ವ ಸರಳವಾದುದು. ಕಂಟದಿಂದ ಕೊರೆದ ಅಕ್ಷರಗಳಲ್ಲಿ ತುಂಬಿದ ಮಸಿ ಅವರಕ್ತ ಕಿರಣಗಳನ್ನು ಹೀರಿಕೊಳ್ಳುತ್ತದೆ. ಕಂದಿದ ಗರಿ ಅವುಗಳನ್ನು ಹೆಚ್ಚಾಗಿ ಪ್ರತಿಫಲಿಸುತ್ತದೆ. ಆದ್ದರಿಂದ ಕಣ್ಣಿಗೆ ಕಾಣದ ಅಕ್ಷರ ಕ್ಯಾಮೆರಾಕ್ಕೆ ಕಾಣುತ್ತದೆ. ಸುಮಾರು 26 ಅಂಗುಲ ಉದ್ದದ ಗರಿಯ ಪ್ರತಿ ಮಗ್ಗುಲನ್ನೂ ಎಂಟು ಹತ್ತು ಭಾಗಗಳಾಗಿ ಚಿತ್ರಿಸಿ, ಒಟ್ಟು 7,900 ಚಿತ್ರಗಳನ್ನು ಗಣಕಯಂತ್ರದಲ್ಲಿ ಸಂಸ್ಕರಿಸಿ ಜೋಡಿಸಲಾಯಿತು. ಬೆಂಕಿಗೂ ನೀರಿಗೂ ಕೆಡದ ಸಿಲಿಕಾನ್ ಬಿಲ್ಲೆಗಳ ಮೇಲೆ ಅಕ್ಷರಗಳನ್ನು ಮೂಡಿಸುವ ವಿಧಾನವನ್ನೂ ಅವರು ರೂಪಿಸಿದರು.

ಇಷ್ಟಾದ ಮೇಲೆ ಗ್ರಂಥವು ಸುರಕ್ಷಿತವಾಯಿತೆಂದು ನಾವು ನಿಶ್ಚಿಂತರಾಗಬಹುದೇ? ರೈಲ್ವೆಯಲ್ಲಿ ಹಳೆಯ ಸೇತುವೆಗಳ ನಕ್ಷೆಗಳೊಡನೆ ಬಹುಕಾಲ ಕಳೆದ ನನಗೆ ಒಂದು ಪಾಠ ಮನದಟ್ಟಾಗಿದೆ: ನಕ್ಷೆಯ ಪ್ರತಿ ಎಷ್ಟೇ ಸ್ವಚ್ಛವಾಗಿದ್ದರೂ ಅದು ಸೇತುವೆಯಲ್ಲ. ಸಂಸ್ಕರಿಸಿದ ಚಿತ್ರವೂ ಹಾಗೆಯೇ. ಕಪ್ಪುಬಿಳುಪನ್ನು ತೀಕ್ಷ್ಣಗೊಳಿಸಿದಾಗ ಹುಳು ಕೊರೆದ ರಂಧ್ರವೊಂದು ಅಕ್ಷರದ ಅಂಗದಂತೆ ತೋರಬಹುದು. ಎರಡು ಚಿತ್ರಗಳ ಬೆಸುಗೆಯಲ್ಲಿ ಗೆರೆಯೊಂದು ಜಾರಬಹುದು. ಆದುದರಿಂದ ಸಂಶೋಧಕನು ಸಂಸ್ಕರಿಸದ ಮೂಲಚಿತ್ರವನ್ನೂ ಪಕ್ಕದಲ್ಲಿರಿಸಿಕೊಂಡು ಓದಬೇಕು. ಮುರಿದುಹೋದ ಅಂಚಿನ ಅಕ್ಷರವನ್ನಂತೂ ಯಾವ ಯಂತ್ರವೂ ಮರಳಿ ತರಲಾರದು.

ಇದಕ್ಕಿಂತ ಮುಖ್ಯವಾದ ಮಾತು ಇನ್ನೊಂದಿದೆ. ಓಲೆಗರಿಯಲ್ಲಿ ಪದಗಳ ನಡುವೆ ಅಂತರವಿಲ್ಲ. ಛಾಂದೋಗ್ಯೋಪನಿಷತ್ತಿನ ಪ್ರಸಿದ್ಧ ವಾಕ್ಯದಲ್ಲಿ ‘ಆತ್ಮಾ’ ಎಂಬುದರ ಮುಂದೆ ‘ತತ್’ ಎಂದು ಬಿಡಿಸಬೇಕೋ, ‘ಅತತ್’ ಎಂದು ಬಿಡಿಸಬೇಕೋ? ಸಂಧಿಯಾದಾಗ ಎರಡಕ್ಕೂ ಅಕ್ಷರಗಳು ಒಂದೇ. ‘ಅತತ್’ ಎಂಬ ಆಚಾರ್ಯರ ಪದವಿಭಾಗದ ಮೇಲೆ ಜೀವೇಶ್ವರ ಭೇದದ ಪ್ರತಿಪಾದನೆ ನಿಂತಿದೆ. ಅತ್ಯುತ್ತಮ ಛಾಯಾಚಿತ್ರವೂ ಇದನ್ನು ನಿರ್ಣಯಿಸಲಾರದು. ವ್ಯಾಕರಣ, ಪ್ರಕರಣ, ಗುರುಮುಖದ ಪಾಠ ಇವೇ ಅಲ್ಲಿ ಪ್ರಮಾಣ. ಚಿತ್ರವು ಅಕ್ಷರವನ್ನು ಕೊಡುತ್ತದೆ. ಅರ್ಥವನ್ನು ಓದುಗನೇ ಸಂಪಾದಿಸಬೇಕು.

2024ರಲ್ಲಿ ತುಳು-ತಿಗಳಾರಿ ಲಿಪಿಗೆ ಯೂನಿಕೋಡ್‌ನಲ್ಲಿ ಸ್ಥಾನ ದೊರೆತಿದೆ. ಇನ್ನು ಈ ಅಕ್ಷರಗಳನ್ನು ಗಣಕಯಂತ್ರದಲ್ಲಿ ಅಚ್ಚುಕಟ್ಟಾಗಿ ದಾಖಲಿಸಬಹುದು. ಆದರೆ ಆ ಲಿಪಿಯನ್ನು ನಿರರ್ಗಳವಾಗಿ ಓದಬಲ್ಲವರು ವಿರಳರಾಗುತ್ತಿದ್ದಾರೆ. ಚಿತ್ರಗಳು ಉಳಿದು ಓದುವವರೇ ಇಲ್ಲವಾದರೆ ಆ ರಕ್ಷಣೆಯಿಂದ ಫಲವೇನು?

ಊರು ಬಿಟ್ಟು ಬಂದಿರುವ ನಮ್ಮ ಮನೆಗಳ ದೇವರಪೆಟ್ಟಿಗೆಗಳಲ್ಲಿಯೂ ಹಿರಿಯರ ಓಲೆಕಟ್ಟುಗಳಿರಬಹುದು. ಅವುಗಳಿಗೆ ಎಣ್ಣೆ ಹಚ್ಚದೆ, ಗರಿಗಳ ಕ್ರಮ ಕೆಡಿಸದೆ, ಎರಡೂ ಮಗ್ಗುಲುಗಳ ಚಿತ್ರವನ್ನು ಅಳತೆಪಟ್ಟಿಯೊಡನೆ ತೆಗೆಯಿಸಿ, ಕಟ್ಟು ಯಾರಿಂದ, ಎಲ್ಲಿಂದ ಬಂದಿತೆಂಬುದನ್ನು ಬರೆದಿಡೋಣ. ಮನೆಯ ಮಕ್ಕಳಲ್ಲಿ ಒಬ್ಬರಾದರೂ ತುಳುಲಿಪಿಯನ್ನು ಕಲಿಯಲಿ. ಜ್ಞಾನಕಾರ್ಯಕ್ಕೆ ನಮ್ಮಂತಹ ಗೃಹಸ್ಥರು ಸಲ್ಲಿಸಬಹುದಾದ ಸೇವೆ ಇದು.

ಶ್ರೀಕೃಷ್ಣಾರ್ಪಣಮಸ್ತು