ಆಯಿಯ 25 ಚುಕ್ಕಿ

ಬಸ್ಸಿನಲ್ಲೋ ಹಾಸ್ಟೆಲಿನಲ್ಲೋ ಇಯರ್‌ಫೋನ್ ಹಾಕ್ಕೊಂಡು ಕೇಳ್ತಿರೋ ನಿಮಗೆ ಮೊದಲು ಒಂದು ಲೆಕ್ಕ. 1, 3, 5, 7, ಮತ್ತೆ 5, 3, 1. ಕೂಡಿಸಿದರೆ ಎಷ್ಟು? 25. ಇದನ್ನ ನನಗೆ ಕಲಿಸಿದ್ದು ಶಾಲೆಯಲ್ಲ, ಗೊಳಸಂಗಿಯ ನಮ್ಮ ಮನೆ ಅಂಗಳ. ಕಲಿಸಿದಾಕಿ ನಮ್ಮ ಆಯಿ. ಪಿಂಚಣಿ ಕಾಗದಕ್ಕೆ ಹೆಬ್ಬೆಟ್ಟು ಒತ್ತುತ್ತಿದ್ದಾಕಿ.

ನಸುಕಿನಲ್ಲಿ ಅಂಗಳಕ್ಕೆ ನೀರಿನ ಥಳಿ ಹೊಡೆದು, ಅದೇ ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ರಂಗೋಲಿ ಪುಡಿ ಹಿಡಿದು ಚುಕ್ಕಿ ಇಡ್ತಿದ್ದಳು. "ಮದಲ ಚುಕ್ಕಿ ಎಣಿಸಿ ಇಡು, ಆಮ್ಯಾಲ ನಿನ್ನ ಮನಸಿಗಿ ಬಂದಂಗ ಗೆರಿ ಎಳಿ" ಅಂತಿದ್ದಳು. ಚುಕ್ಕಿ ತಪ್ಪಿದರೆ ಅಳಿಸ್ತಿದ್ದಳು, ಗೆರೆಗೆ ಮಾತ್ರ ಕೈ ಹಚ್ತಿರಲಿಲ್ಲ. ಅದೇ 25 ಚುಕ್ಕಿಯಲ್ಲಿ ನಾನು ಕಮಲ ಬಿಡಿಸಿದರೆ ತಂಗಿ ಇನ್ನೇನೋ ಬಿಡಿಸೋಳು. ಮಧ್ಯಾಹ್ನದೊಳಗೆ ದನ, ಟ್ರ್ಯಾಕ್ಟರ್, ಗಾಳಿ ಸೇರಿ ಎಲ್ಲ ಅಳಿಸಿಬಿಡ್ತಿದ್ದವು. ಆಯಿಗೆ ಅದು ಲೆಕ್ಕಕ್ಕೇ ಇರಲಿಲ್ಲ. ನಾನಂತೂ ಅತ್ತಿದ್ದೇನೆ.

ಈ ಕಲೆಗೆ ನಮ್ಮ ಕಡೆ ಹಳೆಯ ದಾಖಲೆ ಇದೆ. ಇವತ್ತಿನ ವಿಜಯಪುರ ಸೀಮೆಯನ್ನೂ ಆಳಿದ ಕಲ್ಯಾಣದ ಚಾಲುಕ್ಯರ ದೊರೆ ಮೂರನೇ ಸೋಮೇಶ್ವರ 1129ರ ಸುಮಾರಿಗೆ 'ಮಾನಸೋಲ್ಲಾಸ' ಎಂಬ ಸಂಸ್ಕೃತ ಗ್ರಂಥ ಬರೆದ. ಅಡುಗೆಯಿಂದ ಆನೆಯವರೆಗೆ ಎಲ್ಲವೂ ಇರೋ ಆ ಪುಸ್ತಕ ಚಿತ್ರಗಳ ಬಗೆಗಳನ್ನು ಹೇಳುವಾಗ ಧೂಳಿಚಿತ್ರವನ್ನೂ ಹೆಸರಿಸುತ್ತದೆ. ಅಂದರೆ ಪುಡಿಯಿಂದ ಬಿಡಿಸೋ ಚಿತ್ರ. ರಾಜ ಅದನ್ನ ಚಿತ್ರ ಅಂತಲೇ ಎಣಿಸಿದ್ದ. ನಾನು ಓದಿದ ಒಂದು ಶಾಲೆಯಲ್ಲಿ ಮಾತ್ರ ಅದು ಚಿತ್ರಕಲೆಯೂ ಅಲ್ಲ, ಗಣಿತವೂ ಅಲ್ಲ. ಆಗಸ್ಟ್ 15ಕ್ಕೆ ಹುಡುಗಿಯರಿಗೆ ಹಚ್ಚೋ ಕೆಲಸ.

ತಮಿಳುನಾಡಿನಲ್ಲಿ ಚುಕ್ಕಿಗೆ ಪುಳ್ಳಿ, ರಂಗೋಲಿಗೆ ಕೋಲಂ ಅಂತಾರೆ. ಅಲ್ಲಿ ಹಳೆಯ ಕ್ರಮದಲ್ಲಿ ಅಕ್ಕಿಹಿಟ್ಟು ಬಳಸ್ತಾರೆ. ಸಿಕ್ಕು ಕೋಲಂನಲ್ಲಿ ಗೆರೆ ಚುಕ್ಕಿಯನ್ನ ಮುಟ್ಟೋದೇ ಇಲ್ಲ. ಸುತ್ತಿ ಸುತ್ತಿ ಹೊರಟಲ್ಲಿಗೇ ಬಂದು ಸೇರುತ್ತೆ. ಚೆನ್ನೈ ಹತ್ತಿರದ ತಾಂಬರಂನಲ್ಲಿರೋ ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನ ಗಿಫ್ಟ್ ಸಿರೋಮನಿ ಮತ್ತು ರಾಣಿ ಸಿರೋಮನಿ, ಕಮಲಾ ಕೃತಿವಾಸನ್ ಜೊತೆ ಸೇರಿ 1974ರಲ್ಲಿ ಇದರ ಮೇಲೆ ಪ್ರಬಂಧ ಪ್ರಕಟಿಸಿದರು. ಭಾಷೆಗೆ ವ್ಯಾಕರಣ ಇರೋ ಹಾಗೆ ಕೋಲಂಗೂ ಇದೆ, ಕೆಲವೇ ನಿಯಮಗಳಿಂದ ಚಿಕ್ಕ ಕೋಲಂ ಬೆಳೆದು ದೊಡ್ಡದಾಗುತ್ತೆ ಅಂತ ತೋರಿಸಿದರು. ಕಂಪ್ಯೂಟರ್ ವಿಜ್ಞಾನದವರು ಕೋಲಂ ಕಡೆ ತಿರುಗಿ ನೋಡಿದ್ದು ಹೀಗೆ.

ಈಗ ನಮ್ಮ 25ಕ್ಕೆ ವಾಪಸ್ ಬನ್ನಿ. 1, 3, 5, 7 ಕೂಡಿದರೆ 16, ನಾಲ್ಕರ ವರ್ಗ. ಉಳಿದ 5, 3, 1 ಕೂಡಿದರೆ 9, ಮೂರರ ವರ್ಗ. ಬೆಸ ಸಂಖ್ಯೆಗಳ ಈ ಗುಣವನ್ನ ಹೈಸ್ಕೂಲಿನಲ್ಲಿ ಸೂತ್ರ ಅಂತ ಬಾಯಿಪಾಠ ಮಾಡಿದೆ. ಅಂಗಳ ನೆನಪಾಗಲಿಲ್ಲ, ಯಾರೂ ನೆನಪಿಸಲೂ ಇಲ್ಲ.

ಎಷ್ಟೋ ವರ್ಷದ ಮೇಲೆ ಊರಿಗೆ ಹೋದಾಗ ಆಯಿಗೆ ಇದನ್ನೆಲ್ಲ ಹೇಳಿದೆ. "ನನಗೇನ ಬರತೈತವ್ವಾ, ನಾ ಸಾಲಿ ಕಲಿತಾಕಿ ಅಲ್ಲ" ಅಂದಳು. ಸ್ವಲ್ಪ ಹೊತ್ತು ಬಿಟ್ಟು, "ಒಂಬತ್ತರ ಸಾಲಿಗೆ ಎಷ್ಟ ಚುಕ್ಕಿ ಆಗ್ತಾವ, ಹೇಳು ನೋಡೂಣು" ಅಂತ ಕೇಳಿದಳು. ನಾನು ಫೋನ್ ತೆಗೆದು ಕ್ಯಾಲ್ಕುಲೇಟರ್ ಹುಡುಕೋದರೊಳಗೆ ಆಕೆಯೇ "ನಲವತ್ತೊಂದ" ಅಂದಳು.