ನಿಪ್ಪಾಣಿ ಹೊಸ ತಾಲ್ಲೂಕಾಯ್ತು, ಸರ್ವರ್‌ಗೆ ಹೇಳಿದವರು ಯಾರು?

ನಿಪ್ಪಾಣಿ ಮೊದಲು ಚಿಕ್ಕೋಡಿ ತಾಲ್ಲೂಕಿನಲ್ಲಿತ್ತು, ಕಾಗವಾಡ ಅಥಣಿಯಲ್ಲಿತ್ತು. 2017-18ರ ರಾಜ್ಯ ಬಜೆಟ್‌ನಲ್ಲಿ ಘೋಷಣೆಯಾದ 49 ಹೊಸ ತಾಲ್ಲೂಕುಗಳಲ್ಲಿ ಇವೆರಡೂ ಇದ್ದವು. ಬೋರ್ಡು ಬಂತು, ತಹಶೀಲ್ದಾರರು ಬಂದರು. ಕಣ್ಣಿಗೆ ಬೀಳದ ಇನ್ನೊಂದು ಬದಲಾವಣೆಯೂ ಇಂಥ ಹೊತ್ತಲ್ಲಿ ಆಗಬೇಕು: ಯಾವ ಹಳ್ಳಿಯ ಉತಾರವನ್ನು ಯಾವ ಕಚೇರಿಯ ಲಾಗಿನ್‌ನಿಂದ ತಿದ್ದಬಹುದು ಅನ್ನೋ ನಿಯಮ. ಉತಾರ ಕಂಪ್ಯೂಟರಿಗೆ ಹೋದ ಮೇಲೆ ಆ ನಿಯಮ ಇರೋದೂ ಸರ್ವರ್‌ನಲ್ಲೇ.

ಚಿಕ್ಕೋಡಿ ಜಿಲ್ಲೆಯಾಗಬೇಕು ಎಂಬ ಬೇಡಿಕೆ ಹಳೆಯದು. ನಾಳೆ ಅದು ಆದರೆ ರಾಯಬಾಗ, ಅಥಣಿ ಸೇರಿದಂತೆ ಈ ಭಾಗದ ತಾಲ್ಲೂಕುಗಳ ನಿಯಮಗಳನ್ನು ಮತ್ತೆ ಬದಲಿಸಬೇಕಾಗುತ್ತೆ. ಹಾಗಾಗಿ ಬದಲಿಸೋದು ಹೇಗೆ ಅಂತ ತಿಳಿದಿರೋದು ಒಳ್ಳೇದು.

ಪಾಲಿಸಿ ಎಂಜಿನ್ ಅಂದ್ರೇನು?

"ಇವರಿಗೆ ಇದನ್ನು ಮಾಡಲು ಬಿಡಬಹುದಾ?" ಅನ್ನೋ ಪ್ರಶ್ನೆಗೆ ಉತ್ತರ ಕೊಡೋದಷ್ಟೇ ಇದರ ಕೆಲಸ. ನಿಯಮ ತಂತ್ರಾಂಶದ ಒಳಗೆ ಹೂತುಹೋಗಿರದೆ ಬೇರೆ ಕಡತದಲ್ಲಿರುತ್ತೆ. ಬದಲಿಸಬೇಕಾದಾಗ ಕಡತ ಬದಲಿಸಿದರೆ ಸಾಕು, ಇಡೀ ತಂತ್ರಾಂಶ ಮುಟ್ಟಬೇಕಿಲ್ಲ. ಇವುಗಳಲ್ಲಿ ಹೆಸರಾದದ್ದು ಓಪನ್ ಪಾಲಿಸಿ ಏಜೆಂಟ್, ಚಿಕ್ಕದಾಗಿ ಓಪಾ. ಇದು ಮುಕ್ತ ತಂತ್ರಾಂಶ. ನಿಯಮ ಬರೆಯುವ ಭಾಷೆಯ ಹೆಸರು ರೆಗೋ.

ಏರಿಸೋದು, ಬದಲಿಸೋದು ಹೇಗೆ?

ಪ್ರತಿ ಕಡತಕ್ಕೂ ಒಂದು ಗುರುತಿನ ಹೆಸರು ಇರುತ್ತೆ. ಆ ಹೆಸರಿನ ವಿಳಾಸಕ್ಕೆ 'ಪುಟ್' ಕೋರಿಕೆಯ ಜೊತೆ ಕಡತ ಕಳಿಸಬೇಕು. ಆ ಹೆಸರಿನದು ಮೊದಲು ಇರದಿದ್ದರೆ ಹೊಸದಾಗಿ ಸೇರುತ್ತೆ. ಇದ್ದರೆ ಹಳೆಯದು ಹೋಗಿ ಹೊಸದು ಕೂರುತ್ತೆ. 'ಗೆಟ್' ಕಳಿಸಿದರೆ ಏನಿದೆ ಅಂತ ತೋರಿಸುತ್ತೆ, 'ಡಿಲೀಟ್' ಕಳಿಸಿದರೆ ಅಳಿಸುತ್ತೆ. ಕಡತದಲ್ಲಿ ವ್ಯಾಕರಣ ತಪ್ಪಿದ್ದರೆ ಸರ್ವರ್ 400 ಅಂತ ಹೇಳಿ ವಾಪಸ್ ಕಳಿಸುತ್ತೆ, ಹಳೆಯ ನಿಯಮ ಹಾಗೇ ಉಳಿಯುತ್ತೆ. ಸರಿಯಿದ್ದರೆ 200.

ನೆನಪಿಡಿ, 200 ಅಂದ್ರೆ ವ್ಯಾಕರಣ ಸರಿಯಿದೆ ಅಂತ ಅಷ್ಟೇ. ನಿಯಮ ನ್ಯಾಯವಾಗಿದೆಯೋ ಇಲ್ಲವೋ ಯಂತ್ರಕ್ಕೆ ಬೇಕಿಲ್ಲ.

ಎಡವೋದು ಎಲ್ಲಿ?

ಒಂದು ಉದಾಹರಣೆ ಕಟ್ಟೋಣ. 'ಚಿಕ್ಕೋಡಿ' ಹೆಸರಿನ ಕಡತದಲ್ಲಿ, ನಿಪ್ಪಾಣಿ ಭಾಗದ ಉತಾರವನ್ನು ಚಿಕ್ಕೋಡಿ ಕಚೇರಿ ತಿದ್ದಬಹುದು ಅಂತಿದೆ. ಹೊಸ ತಾಲ್ಲೂಕಾದಾಗ ಎಂಜಿನಿಯರ್ 'ನಿಪ್ಪಾಣಿ' ಹೆಸರಲ್ಲಿ ಹೊಸ ಕಡತ ಏರಿಸ್ತಾರೆ. 200 ಬಂತು, ಊಟಕ್ಕೆ ಹೋದರು. ಆದರೆ ಹೆಸರು ಬೇರೆಯಾದ್ದರಿಂದ ಹಳೆಯದು ಬದಲಾಗಲೇ ಇಲ್ಲ. ಎರಡೂ ಒಂದೇ ಪ್ಯಾಕೇಜಿನಲ್ಲಿದ್ದರೆ, ಯಾವುದಾದರೂ ಒಂದು 'ಬಿಡಬಹುದು' ಅಂದರೂ ಬಾಗಿಲು ತೆರೆಯುತ್ತೆ. ಈಗ ಒಂದೇ ಉತಾರಕ್ಕೆ ಎರಡು ಕಚೇರಿಗಳ ಕೈ. ನಿಪ್ಪಾಣಿ ಕೆಲಸ ಸಲೀಸಾಗಿ ನಡೆಯುವುದರಿಂದ ಯಾರೂ ದೂರು ಕೊಡಲ್ಲ. ಬಾಗಿಲು ಮುಚ್ಚಿದರೆ ಜನ ಕೂಗ್ತಾರೆ, ತೆರೆದೇ ಉಳಿದರೆ ಗೊತ್ತಾಗೋದೇ ಇಲ್ಲ.

ಎರಡನೆಯದು ನೆನಪಿನ ಸಮಸ್ಯೆ. ಹೀಗೆ ಏರಿಸಿದ ನಿಯಮ ಸಾಮಾನ್ಯವಾಗಿ ಮೆಮೊರಿಯಲ್ಲಷ್ಟೇ ಇರುತ್ತೆ, ಸರ್ವರ್ ಮರುಚಾಲೂ ಆದರೆ ಹೋಯ್ತು. ಆಮೇಲೆ ಪ್ರಶ್ನೆ ಕೇಳಿದರೆ ಉತ್ತರ ಖಾಲಿ ಬರುತ್ತೆ. ಖಾಲಿ ಅಂದ್ರೆ 'ಬೇಡ' ಅಂತ ತಂತ್ರಾಂಶ ಓದಿಕೊಳ್ಳಬೇಕು.

ಮೂರನೆಯದು, ಏರಿಸುವ ಬಾಗಿಲಿಗೇ ಬೀಗ ಬೇಕು. ಓಪಾದಲ್ಲಿ ಟೋಕನ್ ತಪಾಸಣೆ ತಾನಾಗಿ ಚಾಲೂ ಇರಲ್ಲ, ನಾವೇ ಹಾಕಬೇಕು. ಹಾಕದೆ ಸರ್ವರನ್ನು ಜಾಲಕ್ಕೆ ತೆರೆದಿಟ್ಟರೆ, ತಲುಪಿದವರೆಲ್ಲ ನಿಯಮ ಬದಲಿಸಬಹುದು.

ಇದಕ್ಕೆಲ್ಲ ಒಳ್ಳೆಯ ದಾರಿ ಬಂಡಲ್. ನಿಯಮಗಳನ್ನೆಲ್ಲ ಒಂದು ಕಟ್ಟು ಮಾಡಿ, ಆವೃತ್ತಿ ಸಂಖ್ಯೆ ಕೊಟ್ಟು, ಡಿಜಿಟಲ್ ಸಹಿ ಹಾಕಿ ಒಂದೆಡೆ ಇಡೋದು. ಸರ್ವರ್ ಆಗಾಗ ತಾನೇ ಎಳೆದುಕೊಳ್ಳುತ್ತೆ. ನಿರ್ಧಾರಗಳ ದಾಖಲೆ ಚಾಲೂ ಮಾಡಿದರೆ, ಯಾವ ಆವೃತ್ತಿಯ ಪ್ರಕಾರ ಯಾವ ಉತ್ತರ ಹೋಯ್ತು ಅಂತಲೂ ಉಳಿಯುತ್ತೆ.

ನಾವು ಕೇಳಬೇಕಾದ್ದು

ತಾಲ್ಲೂಕಿನ ಗಡಿ ಬದಲಿಸಲು 1964ರ ಕರ್ನಾಟಕ ಭೂಕಂದಾಯ ಕಾಯ್ದೆಯಡಿ ಅಧಿಸೂಚನೆ ಬೇಕು. ಅದೇ ಗಡಿಯನ್ನು ಸರ್ವರ್ ಒಳಗೆ ಬದಲಿಸಲು ಒಂದು ಕೋರಿಕೆ, ಒಂದು ಕ್ಷಣ ಸಾಕು. ಅದಕ್ಕೆ ರಾಜ್ಯಪತ್ರವಿಲ್ಲ. ಮಾಹಿತಿ ಹಕ್ಕು ಕಾಯ್ದೆ, 2005ರ 4(1)(ಬಿ) ಕಲಮು, ನೌಕರರು ಕೆಲಸಕ್ಕೆ ಬಳಸುವ ನಿಯಮ, ಸೂಚನೆ, ಕೈಪಿಡಿಗಳ ವಿವರವನ್ನು ಕಚೇರಿಗಳು ತಾವಾಗಿಯೇ ಪ್ರಕಟಿಸಬೇಕು ಅನ್ನುತ್ತೆ. ರೆಗೋದಲ್ಲಿ ಬರೆದ ಮಾತ್ರಕ್ಕೆ ನಿಯಮ ನಿಯಮವಲ್ಲದೆ ಹೋಗಲ್ಲ.

ಪಾಸ್‌ವರ್ಡ್ ಯಾರೂ ಕೇಳ್ತಿಲ್ಲ. ನಿಯಮ ಏನಿತ್ತು, ಏನಾಯ್ತು, ಯಾರು ಯಾವತ್ತು ಬದಲಿಸಿದರು, ಹಳೆಯದನ್ನು ಅಳಿಸಿದರಾ? ನಮ್ಮ ಉತಾರದ ಮೇಲೆ ಯಾರ ಕೈಯಿದೆ ಅಂತ ತಿಳಿಯೋಕೆ ಇಷ್ಟು ಸಾಕು.