ಕಾಯುವವರ ಕೋಣೆ

ಬೆಂಗಳೂರಿಗೋ ದಿಲ್ಲಿಗೋ ಮಕ್ಕಳ ಮನೆಗೆ ವಿಮಾನದಲ್ಲಿ ಹೋಗಿಬರುವ ಹೆಣ್ಣುಮಕ್ಕಳು ಈಗ ನಮ್ಮ ರೋಣ, ನರಗುಂದ, ಗಜೇಂದ್ರಗಡದಂಥ ಊರುಗಳಲ್ಲೂ ಇದ್ದಾರೆ. ಹೋಗಿಬಂದವರು ವಿಮಾನದ ಸುದ್ದಿ ಹೇಳುವುದು ಕಡಿಮೆ. ಒಂದು ತಾಸು ಪಟ್ಟಿ ಬಿಗಿದುಕೊಂಡು ಕೂತದ್ದರಲ್ಲಿ ಹೇಳುವಂಥದ್ದಾದರೂ ಏನಿರುತ್ತದೆ? ಅವರು ಬಣ್ಣಿಸಿ ಹೇಳುವುದು ಅದಕ್ಕೂ ಮೊದಲು ಕೂತ ಲೌಂಜಿನ ಸುದ್ದಿಯನ್ನು. ಮೆತ್ತನೆಯ ಸೋಫಾ, ಬೇಕಾದಷ್ಟು ತಿಂಡಿ, ಎಷ್ಟು ತಿಂದಿರಿ ಎಂದು ಕೇಳುವವರಿಲ್ಲ. "ಎರಡು ರೂಪಾಯಿದಾಗ ಹೊಟ್ಟಿ ತುಂಬ ಊಟ ಕೊಡ್ತಾರಂತ, ಖರೇನ ಅಕ್ಕೋರ?" ಎಂದು ಹೊರಡಲಿರುವವರು ನನ್ನನ್ನು ಕೇಳುತ್ತಾರೆ. ಖರೆ, ಆದರೆ ಅರ್ಧ ಖರೆ. ಅದನ್ನು ಮುಂದೆ ಹೇಳುತ್ತೇನೆ. ಇತಿಹಾಸ ಕಲಿಸುವವಳ ತಲೆಯಲ್ಲಿ ಮೊದಲು ಏಳುವ ಪ್ರಶ್ನೆ ಬೇರೆ. ದಾರಿಯಲ್ಲಿ ಕಾಯುವವರಿಗೆ ಕೂಡಲು ಜಾಗ ಮಾಡಿಕೊಟ್ಟವರು ಯಾರು? ಯಾರನ್ನು ಒಳಗೆ ಕರೆದರು, ಯಾರನ್ನು ಬಾಗಿಲಲ್ಲೇ ನಿಲ್ಲಿಸಿದರು?

ಕಾಯುವುದರಲ್ಲಿ ನಮ್ಮ ಸೀಮೆಯವರು ಪಳಗಿದವರು. ನರಗುಂದಕ್ಕೆ ರೈಲಿಲ್ಲ, ಗಜೇಂದ್ರಗಡಕ್ಕೂ ಇಲ್ಲ. ರೋಣ ತಾಲೂಕಿನ ಹೊಳೆಆಲೂರಿಗೆ ರೈಲುಂಟು, ರೋಣ ಊರಿಗಿಲ್ಲ. ವಿಮಾನ ಹಿಡಿಯಬೇಕೆಂದರೂ ಮೊದಲು ಹುಬ್ಬಳ್ಳಿಯ ಬಸ್ಸಿಗೆ ಕಾಯಬೇಕು. ಅಂದಮೇಲೆ ಲೌಂಜಿನ ಕಥೆಯನ್ನು ನಾವು ವಿಮಾನ ನಿಲ್ದಾಣದಿಂದ ಶುರುಮಾಡುವಂತಿಲ್ಲ, ಅರವಟ್ಟಿಗೆಯಿಂದ ಶುರುಮಾಡಬೇಕು.

ಅರವಟ್ಟಿಗೆ, ಸತ್ರ ಎಂಬ ಮಾತುಗಳು ನಮ್ಮ ಹಳೆಯ ಶಾಸನಗಳಲ್ಲೇ ಬರುತ್ತವೆ. ಕೆರೆ, ಬಾವಿ ಕಟ್ಟಿಸಿದಂತೆ ದಾರಿಹೋಕರಿಗೆ ನೀರು, ನೆರಳು, ಅನ್ನ ಒದಗಿಸುವುದೂ ಪುಣ್ಯದ ಕೆಲಸವಾಗಿತ್ತು. ಗಜೇಂದ್ರಗಡದ ಹತ್ತಿರದ ಸೂಡಿಗೆ ಹೋದರೆ ನಾಗಕುಂಡವೆಂಬ ಚೆಲುವಾದ ಪುಷ್ಕರಿಣಿಯನ್ನು ಈಗಲೂ ನೋಡಬಹುದು. ಬಿಸಿಲಲ್ಲಿ ನಡೆದು ಬಂದವರಿಗೆ ಅದರ ಮೆಟ್ಟಿಲೇ ಸೋಫಾ. ಹನ್ನೊಂದನೆಯ ಶತಮಾನದಲ್ಲಿ ಕಿಸುಕಾಡು ನಾಡನ್ನು ಆಳುತ್ತಿದ್ದವಳು ಕಲ್ಯಾಣ ಚಾಲುಕ್ಯ ಅರಸ ಜಯಸಿಂಹನ ಸಹೋದರಿ ಅಕ್ಕಾದೇವಿ. ಸೂಡಿಯ ಶಾಸನಗಳಲ್ಲಿ ಅವಳ ಹೆಸರಿದೆ. ಯುದ್ಧಕ್ಕೆ ಹೋದವಳು, ದಾನ ಕೊಟ್ಟವಳು. ಮುಂದೆ ಮಧುರೆಯಲ್ಲಿ ರಾಣಿ ಮಂಗಮ್ಮಾಳ್ ಕಟ್ಟಿಸಿದ ಛತ್ರ ಇವತ್ತಿಗೂ ಅಲ್ಲಿಯ ರೈಲು ನಿಲ್ದಾಣದ ಎದುರಿಗೇ ಅವಳ ಹೆಸರು ಹೊತ್ತು ನಿಂತಿದೆ. ಹದಿನೆಂಟನೆಯ ಶತಮಾನದಲ್ಲಿ ಇಂದೂರಿನ ಅಹಲ್ಯಾಬಾಯಿ ಹೋಳ್ಕರ್ ದೇಶದ ಉದ್ದಗಲಕ್ಕೂ ಘಾಟು, ಬಾವಿ, ಧರ್ಮಶಾಲೆಗಳನ್ನು ಕಟ್ಟಿಸಿದಳು. ಪಾಠ ಮಾಡುವಾಗ ಈ ಹೆಸರುಗಳನ್ನು ನಾನು ಬೇಕೆಂದೇ ಒಟ್ಟಿಗೆ ಹೇಳುತ್ತೇನೆ. ದಾರಿಯಲ್ಲಿ ದಣಿದವರ ಕಷ್ಟ ಹೆಣ್ಣುಮಕ್ಕಳಿಗೆ ಬೇಗ ತಿಳಿಯುತ್ತದೆ ಎಂಬುದು ನನ್ನ ಅನಿಸಿಕೆ. ಪುರಾವೆ ಕೇಳಬೇಡಿ.

ಗಂಡಸರು ಕಟ್ಟಿಸಲಿಲ್ಲ ಎಂದಲ್ಲ. ಬೆಂಗಳೂರಿನ ರೈಲು ನಿಲ್ದಾಣದ ಬಳಿ ಗುಬ್ಬಿ ತೋಟದಪ್ಪನವರು ಕಟ್ಟಿಸಿದ ಛತ್ರ 1903ರಲ್ಲಿ ತೆರೆಯಿತು. ರಾತ್ರಿಯ ಗಾಡಿಯಿಂದ ಇಳಿದು, ತೋಟದಪ್ಪನ ಛತ್ರದಲ್ಲಿ ಮುಖ ತೊಳೆದು, ಕಚೇರಿ ಕೆಲಸಕ್ಕೆ ಹೋದ ಹಿರಿಯರು ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿದ್ದಾರೆ.

ಆದರೆ ಹಳೆಯದೆಲ್ಲ ಚಂದ ಎಂದು ಬರೆದರೆ ಅದು ಸುಳ್ಳಾದೀತು. ಧರ್ಮಶಾಲೆಯ ಬಾಗಿಲು ಎಷ್ಟೋ ಕಡೆ ಜಾತಿ ಕೇಳಿ ತೆರೆಯುತ್ತಿತ್ತು. ರೈಲು ಬಂದಮೇಲೆ ಟಿಕೇಟು ಇದ್ದವರೆಲ್ಲ ಒಂದೇ ಆಗಬೇಕಿತ್ತು, ಆಗಲಿಲ್ಲ. 1901ರಲ್ಲಿ, ಸುಮಾರು ಹತ್ತು ವರ್ಷದ ಭೀಮರಾವ್ ಅಂಬೇಡ್ಕರ್ ತನ್ನ ಜೊತೆಯ ಮಕ್ಕಳೊಂದಿಗೆ ಸಾತಾರೆಯಿಂದ ತಂದೆ ನೌಕರಿಯಲ್ಲಿದ್ದ ಗೋರೆಗಾವಕ್ಕೆ ಹೊರಟು ಮಸೂರ ಸ್ಟೇಷನ್ನಿನಲ್ಲಿ ಇಳಿದರು. ಅದೂ ನಮ್ಮ ಸೀಮೆಗೆ ರೈಲು ತಂದ ಸದರ್ನ್ ಮರಾಠಾ ಕಂಪನಿಯದೇ ಮಾರ್ಗ. ಕರೆದೊಯ್ಯಲು ಯಾರೂ ಬಂದಿರಲಿಲ್ಲ. ಒಳ್ಳೆಯ ಬಟ್ಟೆ ತೊಟ್ಟ ಮಕ್ಕಳನ್ನು ಕಂಡು ಸ್ಟೇಷನ್ ಮಾಸ್ತರರು ವಿಚಾರಿಸಿದರು. ಮಹಾರರ ಮಕ್ಕಳು ಎಂದು ತಿಳಿದದ್ದೇ ಅವರ ಮುಖ ಬದಲಾಯಿತು. ಬಂಡಿಯವರು ಯಾರೂ ಹತ್ತಿಸಿಕೊಳ್ಳಲೊಲ್ಲರು. ಕೊನೆಗೆ ಎರಡು ಪಟ್ಟು ಬಾಡಿಗೆ ಕೊಟ್ಟು ಮಕ್ಕಳೇ ಬಂಡಿ ಹೊಡೆದುಕೊಂಡು, ಬಂಡಿಯವನು ಪಕ್ಕದಲ್ಲಿ ನಡೆದುಕೊಂಡು ಹೋಗಬೇಕಾಯಿತು. ಬುತ್ತಿ ಇತ್ತು, ಆದರೆ ಕುಡಿಯಲು ನೀರು ಕೊಡುವವರಿಲ್ಲದೆ ಉಣ್ಣಲಾಗಲಿಲ್ಲ. ಇದನ್ನು ಅವರೇ ಮುಂದೆ 'ವೇಟಿಂಗ್ ಫಾರ್ ಎ ವೀಸಾ' ಎಂಬ ಬರಹದಲ್ಲಿ ಹೇಳಿದ್ದಾರೆ. ಈ ಪಾಠ ಹೇಳಿದ ದಿನ ನನ್ನ ತರಗತಿಯಲ್ಲಿ ಗದ್ದಲವಿರುವುದಿಲ್ಲ.

ರೈಲಿನವರು ಕಾಯುವುದನ್ನೂ ದರ್ಜೆಗಳಾಗಿ ವಿಂಗಡಿಸಿದರು. ಮೇಲಿನ ದರ್ಜೆಯವರಿಗೆ ಬೆತ್ತದ ಕುರ್ಚಿ, ಕನ್ನಡಿ, ಬಚ್ಚಲು ಇದ್ದ ಕೋಣೆ. ಮೂರನೆಯ ದರ್ಜೆಯವರಿಗೆ ಗೋಡೆಯಿಲ್ಲದ ಮಾಡು. ಗಾಂಧೀಜಿ 1917ರಲ್ಲಿ ಮೂರನೆಯ ದರ್ಜೆಯ ಪ್ರಯಾಣದ ಬವಣೆಯ ಬಗ್ಗೆಯೇ ಒಂದು ಲೇಖನ ಬರೆದರು. ಆ ದರ್ಜೆ ಹೆಸರಿಗಾದರೂ ಹೋದದ್ದು 1974ರಲ್ಲಿ. ನಾನು ಚಿಕ್ಕವಳಿದ್ದಾಗ ಹೊಳೆಆಲೂರಿನಲ್ಲಿ ನಿಂತು ಹೋಗುತ್ತಿದ್ದುದು ಮೀಟರ್ ಗೇಜಿನ ಗಾಡಿ. ಅದಕ್ಕೆ ಕಾಯುವವರು ಫಲಾಟಿನ ಮೇಲೆ ನವಲಗುಂದದ ಜಮಖಾನೆ ಹಾಸಿ, ರೊಟ್ಟಿಯ ಗಂಟು ಬಿಚ್ಚಿ, ಪಕ್ಕದವರಿಗೂ ಶೇಂಗಾ ಚಟ್ನಿ ಕೊಟ್ಟು, ಮಕ್ಕಳನ್ನು ಮಲಗಿಸಿ ಊರಿನ ಪಂಚಾಯಿತಿ ಮಾಡುತ್ತಿದ್ದರು. ನಾವು ಎಲ್ಲಿ ಕೂತರೂ ಅದೇ ನಮ್ಮ ಪಡಸಾಲೆ. ನಾಚಿಕೆಯಿಲ್ಲದೆ ಕಾಯುವ ಆ ಕಲೆ ಈಗ ಕಡಿಮೆಯಾಗಿದೆ. ಎಲ್ಲರ ಕೈಯಲ್ಲೂ ಮೊಬೈಲು.

ಹೆಣ್ಣುಮಕ್ಕಳಿಗೆ ಮಾತ್ರ ಒಂದು ತೊಂದರೆ ಎಲ್ಲ ಕಾಲಕ್ಕೂ ಇತ್ತು. ನಾನು ನೌಕರಿಗೆ ಸೇರಿದ ಹೊಸದರಲ್ಲಿ ಶಾಲೆಗೆ ಹೋಗಲು ದಿನಾಲು ಎರಡು ಬಸ್ಸು ಬದಲಿಸಬೇಕಿತ್ತು. ಬದಲಿಸುವ ಊರಿನ ಹೆಸರು ಬೇಡ. ಅಲ್ಲಿಯ ಸ್ಟ್ಯಾಂಡಿನಲ್ಲಿ 'ಮಹಿಳೆಯರ ವಿಶ್ರಾಂತಿ ಕೋಣೆ' ಎಂದು ದಪ್ಪ ಅಕ್ಷರದಲ್ಲಿ ಬರೆದ ಕೋಣೆಯಿತ್ತು, ಅದಕ್ಕೆ ಅಷ್ಟೇ ದಪ್ಪದ ಕೀಲಿಯೂ ಇತ್ತು. ಕಿಟಕಿಯಲ್ಲಿ ಇಣುಕಿದರೆ ಹಳೆಯ ಟಾಯರು, ಮುರಿದ ಬೆಂಚು ಕಾಣುತ್ತಿದ್ದವು. ಕೀಲಿಕೈ ಕೇಳಿದರೆ, ಅದು ಇನ್ನೊಬ್ಬರ ಹತ್ತಿರ ಇದೆ, ಅವರು ರಜೆಯ ಮೇಲಿದ್ದಾರೆ. ಅವರು ಎಷ್ಟು ವರ್ಷ ರಜೆಯ ಮೇಲಿದ್ದರೋ! ಮುಂಜಾನೆ ಎಂಟಕ್ಕೆ ಮನೆ ಬಿಟ್ಟರೆ ಸಂಜೆ ಆರಕ್ಕೆ ಮನೆ. ನಡುವೆ ನೀರು ಕುಡಿದರೆ ಹೋಗಲು ಜಾಗವಿಲ್ಲ, ಆದ್ದರಿಂದ ಕುಡಿಯುವುದನ್ನೇ ಬಿಟ್ಟೆವು. ಬಿರುಬೇಸಗೆಯಲ್ಲೂ ಬಾಟಲಿ ತುಂಬಿದ್ದು ತುಂಬಿದಂತೆ ವಾಪಸ್ಸು ಬರುತ್ತಿತ್ತು. ನನ್ನ ಜೊತೆ ಓಡಾಡುತ್ತಿದ್ದ ಶಿಕ್ಷಕಿಯರಲ್ಲಿ, ನರ್ಸುಗಳಲ್ಲಿ ಉರಿಮೂತ್ರಕ್ಕೆ ಔಷಧ ತೆಗೆದುಕೊಳ್ಳದವರು ಯಾರೂ ಇರಲಿಲ್ಲ. ಇದನ್ನು ಯಾವ ಇತಿಹಾಸದ ಪುಸ್ತಕದಲ್ಲೂ ನಾನು ಓದಿಲ್ಲ. ಸೂಡಿಯ ಶಾಸನದಲ್ಲಿ ಒಬ್ಬ ರಾಣಿಯ ಹೆಸರಿರುವ ಸೀಮೆಯಲ್ಲಿ, ಕಾಯುವ ಹೆಣ್ಣಿಗೆ ಚಿಲಕವಿರುವ ಒಂದು ಬಾಗಿಲು ಸಿಗದಿದ್ದ ಕಾಲ ಅದು. ಈಚೆಗೆ ಸುಧಾರಿಸಿದೆ. ದೊಡ್ಡ ಸ್ಟ್ಯಾಂಡುಗಳಲ್ಲಿ ಕೂಸಿಗೆ ಹಾಲೂಡಿಸಲು ಮರೆಯ ಜಾಗ ಮಾಡಿದ್ದಾರೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದು ಹೆಣ್ಣುಮಕ್ಕಳ ಬಸ್ ಪ್ರಯಾಣ ಉಚಿತವಾದ ಮೇಲೆ ಓಡಾಟ ಹೆಚ್ಚಾಯಿತು, ಅದರೊಂದಿಗೆ ಕಾಯುವುದೂ ಹೆಚ್ಚಾಯಿತು. ಟಿಕೇಟಿಗೆ ದುಡ್ಡಿಲ್ಲ, ಬೆಂಚಿಗೆ ಜಾಗವಿಲ್ಲ ಎಂದು ನಮ್ಮವರು ನಗುತ್ತಾರೆ.

ಇನ್ನು ವಿಮಾನದ ಕಥೆ. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಟಪಾಲಿನ ಚೀಲ ಹೊತ್ತ ಪುಟ್ಟ ವಿಮಾನವನ್ನು ಕರಾಚಿಯಿಂದ ಅಹಮದಾಬಾದಿನ ಮೇಲೆ ಮುಂಬಯಿಗೆ ತಂದರು. ಅಹಮದಾಬಾದಿನಲ್ಲಿ ಅದಕ್ಕೆ ತುಂಬುವ ಪೆಟ್ರೋಲು ಎತ್ತಿನ ಬಂಡಿಯಲ್ಲಿ ಬಂದಿತ್ತು! ಮುಂಬಯಿಯಿಂದ ಮುಂದಕ್ಕೆ ಅದನ್ನು ಅವರ ಜೊತೆಗಾರ ನೆವಿಲ್ ವಿನ್ಸೆಂಟ್ ಮದ್ರಾಸಿಗೆ ಒಯ್ದರು, ನಡುವೆ ಇಳಿದದ್ದು ನಮ್ಮ ಬಳ್ಳಾರಿಯಲ್ಲಿ. ಭೂಪಟದ ಮೇಲೆ ಮುಂಬಯಿಗೂ ಬಳ್ಳಾರಿಗೂ ಸ್ಕೇಲಿಟ್ಟು ಗೆರೆ ಎಳೆದರೆ ಅದು ಗಜೇಂದ್ರಗಡದ ಉತ್ತರಕ್ಕೆ ಇಳಕಲ್ಲಿನ ಆಸುಪಾಸಿನಲ್ಲಿ ಹಾಯುತ್ತದೆ. ಮಕ್ಕಳಿಂದ ಎಳೆಸಿ ನೋಡಿದ್ದೇನೆ. ಆಗ ಲೌಂಜು ಎಲ್ಲಿಯದು, ಕಾಯಲು ಪ್ರಯಾಣಿಕರೇ ಇರಲಿಲ್ಲ.

ವಿಮಾನ ಕಂಪನಿಯೊಂದು ತನ್ನ ಪ್ರಯಾಣಿಕರಿಗಾಗಿ ತೆರೆದ ಮೊದಲ ಲೌಂಜು ಎಂದು ಹೇಳುವುದು ನ್ಯೂಯಾರ್ಕಿನಲ್ಲಿ 1939ರಲ್ಲಿ ಅಮೆರಿಕನ್ ಏರ್‌ಲೈನ್ಸ್ ತೆರೆದ ಅಡ್ಮಿರಲ್ಸ್ ಕ್ಲಬ್ಬನ್ನು. ದುಡ್ಡು ಕೊಡುತ್ತೇನೆಂದರೂ ಆಗ ಒಳಗೆ ಬಿಡುತ್ತಿರಲಿಲ್ಲ. ಕಂಪನಿ ಆರಿಸಿ ಕರೆದ ದೊಡ್ಡವರಿಗಷ್ಟೇ ಪ್ರವೇಶ. ಚಂದಾ ಕಟ್ಟಿದವರಿಗೆಲ್ಲ ಬಾಗಿಲು ತೆರೆದದ್ದು ಎಷ್ಟೋ ವರ್ಷಗಳ ಮೇಲೆ. ನಮ್ಮ ದೇಶದಲ್ಲಿ ಏರ್ ಇಂಡಿಯಾ ತನ್ನ ಲೌಂಜಿಗೆ ಮಹಾರಾಜನ ಹೆಸರನ್ನೇ ಇಟ್ಟಿತು. ನಮ್ಮಂಥವರು ವಿಮಾನದ ಮೆಟ್ಟಿಲು ಹತ್ತುವಂತಾದದ್ದು 2003ರ ಆಗಸ್ಟಿನಲ್ಲಿ ಕ್ಯಾಪ್ಟನ್ ಗೋಪಿನಾಥ್ ಏರ್ ಡೆಕ್ಕನ್ ಶುರುಮಾಡಿದ ಮೇಲೆ. ಮೊದಮೊದಲಿಗೆ ಅದು ಹಾರಿದ ಊರುಗಳಲ್ಲಿ ಹುಬ್ಬಳ್ಳಿಯೂ ಒಂದು. ಅದರಲ್ಲಿ ತಿಂಡಿ ಬೇಕಾದರೆ ದುಡ್ಡು ಕೊಟ್ಟೇ ಕೊಳ್ಳಬೇಕಿತ್ತು. ವಿಮಾನದೊಳಗೆ ಊಟ ತಪ್ಪಿದ ಮೇಲೆ ಹೊರಗಿನ ಊಟಕ್ಕೆ ಬೆಲೆ ಬಂದದ್ದು ಸಹಜವೇ. ದೇವನಹಳ್ಳಿಯ ನಿಲ್ದಾಣ 2008ರ ಮೇ ತಿಂಗಳಲ್ಲಿ ಶುರುವಾಯಿತು. ಅಲ್ಲಿಯ ಲೌಂಜೊಂದಕ್ಕೆ ಬೆಂಗಳೂರಿನ ಟೆಲಿಫೋನ್ ಸಂಕೇತವಾದ 080 ಎಂದೇ ಹೆಸರು. ಜಾತಿ ಕೇಳುವ ಬಾಗಿಲು, ದರ್ಜೆ ಕೇಳುವ ಬಾಗಿಲು, ಈಗ ಕಾರ್ಡು ಕೇಳುವ ಬಾಗಿಲು.

ಹೋಗುವವರಿಗೆ ಉಪಯೋಗಕ್ಕೆ ಬರಲೆಂದು ನಾಲ್ಕು ಮಾತು. ಲೌಂಜು ಸಾಮಾನ್ಯವಾಗಿ ತಪಾಸಣೆ ಮುಗಿದ ಮೇಲೆ, ಒಳಭಾಗದಲ್ಲಿರುತ್ತದೆ. ಬಾಗಿಲಲ್ಲಿ ಬೋರ್ಡಿಂಗ್ ಪಾಸು ಮತ್ತು ಕಾರ್ಡು ಕೇಳುತ್ತಾರೆ. ಎಲ್ಲ ಎಟಿಎಂ ಕಾರ್ಡಿಗೂ ಈ ಸವಲತ್ತಿಲ್ಲ. ಕೆಲವು ರುಪೇ, ವೀಸಾ ಕಾರ್ಡುಗಳಿಗೆ ಉಂಟು. ಅಂಥ ಕಾರ್ಡು ಯಂತ್ರಕ್ಕೆ ಹಾಕಿದಾಗ ಎಷ್ಟೋ ಸಲ ಎರಡೇ ರೂಪಾಯಿ ಮುರಿಯುತ್ತದೆ. ಹಾಗೆಂದು ಊಟ ಎರಡು ರೂಪಾಯಿಯದಲ್ಲ. ಉಳಿದದ್ದನ್ನು ಕಾರ್ಡಿನವರು ಕೊಡುತ್ತಾರೆ, ಅಂದರೆ ಬೇರೆ ರೂಪದಲ್ಲಿ ನಮ್ಮಿಂದಲೇ ಹೋಗುತ್ತದೆ. ಈಚಿನ ವರ್ಷಗಳಲ್ಲಿ ಹಲವು ಬ್ಯಾಂಕುಗಳು, ಹಿಂದಿನ ಮೂರು ತಿಂಗಳಲ್ಲಿ ಕಾರ್ಡಿನಿಂದ ಇಷ್ಟು ಖರ್ಚು ಮಾಡಿರಬೇಕು ಎಂಬ ಷರತ್ತು ಹಾಕಿವೆ. ಹೊರಡುವ ಮೊದಲೇ ಬ್ಯಾಂಕಿನಲ್ಲಿ ಕೇಳಿಕೊಳ್ಳುವುದು ಲೇಸು. ಸಾಮಾನ್ಯವಾಗಿ ಒಂದು ಕಾರ್ಡಿಗೆ ಒಬ್ಬರೇ. ನೀವು ಒಳಗೆ, ಯಜಮಾನರು ಹೊರಗೆ ಆಗಬಾರದಲ್ಲ. ಕಾರ್ಡಿಲ್ಲದೆ ಹೋದರೆ ತಲೆಗೆ ಸಾವಿರ ರೂಪಾಯಿ ಮೀರಬಹುದು. ಒಂದು ತಟ್ಟೆ ಇಡ್ಲಿಗಾಗಿ ಅಷ್ಟು ಕೊಡಬೇಡಿ.

ಒಳಗೆ ಇಡ್ಲಿ, ವಡೆ, ಉಪ್ಪಿಟ್ಟು, ಅನ್ನ, ಸಾರು, ಹಣ್ಣು, ಕಾಫಿ, ಚಹಾ ಇರುತ್ತವೆ. ನೀವೇ ಬಡಿಸಿಕೊಳ್ಳಬೇಕು. ಎಷ್ಟು ಬೇಕೋ ಅಷ್ಟು ಹಾಕಿಕೊಂಡು ಮತ್ತೆ ಹೋದರಾಯಿತು; ಮದುವೆಮನೆಯ ಎಲೆಯಂತೆ ಮೊದಲ ಸಲವೇ ತುಂಬಿಸಬೇಕಿಲ್ಲ. ಚೀಲಕ್ಕೆ ಕಟ್ಟಿಕೊಂಡು ಬರುವುದು ಸಲ್ಲದು. ಎರಡು-ಮೂರು ತಾಸಿಗಿಂತ ಹೆಚ್ಚು ಕೂಡಲು ಬಿಡುವುದಿಲ್ಲ. ಮಗಳಿಗೆಂದು ಒಯ್ಯುವ ಉಪ್ಪಿನಕಾಯಿ, ತುಪ್ಪವನ್ನು ಕೈಚೀಲದಲ್ಲಿಡದೆ ದೊಡ್ಡ ಬ್ಯಾಗಿನಲ್ಲಿಟ್ಟು ಮೊದಲೇ ಕೊಟ್ಟುಬಿಡಿ, ಇಲ್ಲದಿದ್ದರೆ ತಪಾಸಣೆಯಲ್ಲಿ ತೆಗೆದಿರಿಸುತ್ತಾರೆ. ಖಾಲಿ ಬಾಟಲಿ ಒಯ್ಯಿರಿ, ಒಳಗೆ ನೀರು ಸಿಗುತ್ತದೆ. ಇನ್ನು ನಾನು ಮೇಲೆ ಹೇಳಿದ ಆ ಬಾಗಿಲು: ಅದಕ್ಕಾಗಿ ಲೌಂಜೇ ಬೇಕಿಲ್ಲ. ವಿಮಾನ ನಿಲ್ದಾಣದಲ್ಲಿ ಹೊರಗೂ ಒಳಗೂ ಹೆಂಗಸರ ಶೌಚಾಲಯ ತೆರೆದಿರುತ್ತದೆ, ಯಾರೂ ಕಾರ್ಡು ಕೇಳುವುದಿಲ್ಲ. ಮೊದಲ ಸಲ ಹೋದಾಗ ನನಗೆ ಸೋಫಾಕ್ಕಿಂತ ಹೆಚ್ಚು ಹಿಡಿಸಿದ್ದು ಅದೇ.

ಬೆಂಗಳೂರಿನಲ್ಲಿ ಅಂಥ ಒಂದು ಕಡೆ ನೆಲ ಒರೆಸುತ್ತಿದ್ದ ಹೆಣ್ಣುಮಗಳು, ನಾನು ಯಾರಿಗೋ ಫೋನಿನಲ್ಲಿ ಮಾತಾಡಿದ್ದನ್ನು ಕೇಳಿ, "ಯಾವೂರ್ರೀ ಬಾಯಾರ, ನಮ್ಮ ಕಡಿ ಮಾತು ಅನಿಸ್ತದ" ಎಂದಳು. ಅವಳದು ಗಜೇಂದ್ರಗಡದ ಸನಿಹದ ಹಳ್ಳಿ. ಮಳೆ ಕೈಕೊಟ್ಟ ವರ್ಷ ಗುಳೆ ಬಂದ ಸಂಸಾರ ಅಲ್ಲೇ ನಿಂತಿತ್ತು. ಊರಿಗೆ ಹೋಗುತ್ತೀಯೇನವ್ವ ಎಂದು ಕೇಳಿದೆ.

"ಜಾತ್ರಿಗೆ ಹೋಗ್ತೀನ್ರಿ. ಈಗೇನು, ಬಸ್ಸಿಗೆ ರೊಕ್ಕಾ ಇಲ್ಲಲ್ರೀ. ನಸುಕಿನ್ಯಾಗ ಗದಗಿಗೆ ಇಳೀತೀನಿ. ಮೊದಲನೇ ಗಾಡಿ ಬರೂತನಕ ಸ್ಟ್ಯಾಂಡಿನ್ಯಾಗ ಜಮಖಾನಿ ಹಾಸ್ಕೊಂಡು ಕುಂತಬಿಡ್ತೀನಿ."

"ಒಬ್ಬಾಕೀನ?"

"ಒಬ್ಬಾಕಿ ಯಾಕ್ರಿ, ಅಲ್ಲಿ ನನ್ನಂಥಾವ್ರು ಹತ್ತು ಮಂದಿ ಇರ್ತಾರ." ಒರೆಸುವ ಕೋಲನ್ನು ಗೋಡೆಗೆ ಆನಿಸಿ ಅವಳು ನನ್ನ ಕೈಯಲ್ಲಿದ್ದ ಪಾಸನ್ನು ಬಗ್ಗಿ ನೋಡಿದಳು. "ನೀವು ಇಲ್ಲಿ ಭಾಳ ಹೊತ್ತು ಕೂಡಬ್ಯಾಡ್ರಿ. ಇಲ್ಲಿ ಸ್ಟ್ಯಾಂಡಿನ್ಯಾಗ ಕೂಗಿದಂಗ ಕೂಗಂಗಿಲ್ಲ. ಬೋರ್ಡ ನೋಡ್ಕೋತ ಇರಬೇಕು."

ಪರದೆಯ ಮೇಲೆ ನಮ್ಮ ವಿಮಾನದ ಗೇಟು ಬದಲಾಗಿತ್ತು. ಬಾಟಲಿಗೆ ನೀರು ತುಂಬಿಕೊಂಡು ಎದ್ದೆ.